ಇಡೀ ಮನೆ

ನಮ್ಮ ಮನೆಯಲ್ಲಿ ಏನೇನಿದೆ ಎಂದು ನನಗೆ ಸರಿಯಾಗಿ ಗೊತ್ತಾದದ್ದು ಮಗ ಅದನ್ನು ದಿನದ ಬಾಡಿಗೆಗೆ ಕೊಡಲು ಫೋನಿಗೆ ಹಾಕಿದ ಮೇಲೆ. ಅಲ್ಲಿಯವರೆಗೆ ಅದು ಮಹಡಿಯ ಮೇಲಿನ ಸಾಧಾರಣ ಮನೆ. ಕೆಳಗೆ ಸೊಸೆಯ ಹೊಲಿಗೆ ಅಂಗಡಿ, ಪಕ್ಕದಲ್ಲಿ ಹೊರಗಿನಿಂದ ಮೆಟ್ಟಿಲು. ಫೋನಿನಲ್ಲಿ ನೋಡಿದರೆ ‘ಕೆಲಸ ಮಾಡಲು ಪ್ರತ್ಯೇಕ ಸ್ಥಳ’ ಇತ್ತು, ‘ನಗರದ ನೋಟ’ ಇತ್ತು, ‘ಅತಿಥಿಗಳು ತಾವೇ ಒಳಬರುವ ಸೌಲಭ್ಯ’ ಇತ್ತು. ಕೆಲಸದ ಸ್ಥಳವೆಂದರೆ ನಾನು ತರಕಾರಿ ಹೆಚ್ಚುವ ಮೇಜು. ನಗರದ ನೋಟವೆಂದರೆ ಬಸ್ ನಿಲ್ದಾಣದ ಹಿಂಬದಿ. ತಾವೇ ಒಳಬರುವುದೆಂದರೆ ಹೂಕುಂಡದ ಕೆಳಗಿಟ್ಟ ಬೀಗದ ಕೈ.

“ಇದೆಲ್ಲ ಸುಳ್ಳಲ್ವೇನೋ?” ಎಂದು ಕೇಳಿದೆ.

“ಸುಳ್ಳೆಲ್ಲಿ ಬಂತಮ್ಮ? ಆ ಫೋನಿನವರೇ ಒಂದೊಂದಾಗಿ ಕೇಳ್ತಾರೆ, ಇದು ಇದೆಯಾ, ಅದು ಇದೆಯಾ ಅಂತ. ಇದ್ರೆ ಗುರುತು ಹಾಕೋದು, ಅಷ್ಟೆ.”

ಅವನು ಸುಳ್ಳುಗಾರನಲ್ಲ. ಚಿಕ್ಕಂದಿನಿಂದ ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಪ್ರಾಣಿ. ‘ಬಿಸಿನೀರಿನ ಟಬ್ ಇದೆಯೇ’ ಎಂದು ಕೇಳಿದ್ದಕ್ಕೂ ಹೂಂ ಅಂದಿದ್ದ. ಬಿಸಿನೀರು ಇತ್ತು, ಬಟ್ಟೆ ನೆನೆಸುವ ನೀಲಿ ಪ್ಲಾಸ್ಟಿಕ್ ಟಬ್ಬೂ ಇತ್ತು. ಮೊದಲು ಬಂದ ಗಂಡ ಹೆಂಡತಿ ಈಜುವ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಆ ಗಂಡಸು ಬಚ್ಚಲ ಬಾಗಿಲಲ್ಲಿ ನಿಂತು ಒಮ್ಮೆ ಟಬ್ಬನ್ನು, ಒಮ್ಮೆ ನನ್ನ ಮಗನನ್ನು ನೋಡಿದನಂತೆ. ಮೂರು ನಕ್ಷತ್ರ ಕೊಟ್ಟು, ‘ಟಬ್ಬಿನಲ್ಲಿ ಒಂದು ಕಾಲು ಹಿಡಿಸುತ್ತದೆ’ ಎಂದು ಬರೆದು ಹೋದರು. ಸೊಸೆ ಅದನ್ನು ಓದಿ ನಕ್ಕು ನಕ್ಕು ಮಿಷನ್ನಿನ ಮೇಲೆ ತಲೆಯಿಟ್ಟಳು. ಮಗ ಆ ಗುರುತು ತೆಗೆದ. ಆಗಿನ್ನೂ ನಮಗೆ ನಗು ಬರುತ್ತಿತ್ತು.

ನಗು ಬಾರದ ಗುರುತು ಬೇರೆ ಇತ್ತು. ಎಲ್ಲಕ್ಕಿಂತ ಮೊದಲು ಫೋನಿನವರು ಕೇಳುವುದೇ ಅದನ್ನು: ಕೊಡುವುದು ಇಡೀ ಮನೆಯೋ, ಮನೆಯೊಳಗೆ ಒಂದು ಕೋಣೆಯೋ? ಕೋಣೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲವಂತೆ. ಮಗ ದುಡಿಯುತ್ತಿದ್ದ ಪೈಪ್ ಕಾರ್ಖಾನೆ ಬಾಗಿಲು ಹಾಕಿತ್ತು. ಸೊಸೆಯ ಹೊಲಿಗೆಯಿಂದ ಅಂಗಡಿಯ ಕರೆಂಟು ಬಿಲ್ಲಿಗೇ ಎಳೆದಾಟ. ಹೊಟ್ಟೆಪಾಡು ನಡೆಯಬೇಕಾದರೆ ಮನೆ ದುಡಿಯಬೇಕಿತ್ತು. ಅವನು ಇಡೀ ಮನೆ ಅಂದ. ಇಡೀ ಮನೆ ಅಂದಮೇಲೆ ಅದರಲ್ಲಿ ಮನೆಯವರು ಇರಕೂಡದು. ಇದ್ದದ್ದು ಗೊತ್ತಾದರೆ ಫೋನಿನವರು ಮನೆಯನ್ನೇ ಪಟ್ಟಿಯಿಂದ ಕಿತ್ತುಹಾಕುತ್ತಾರೆ.

ಹಾಗಾಗಿ ಜನ ಬರುವ ದಿನ ನಾವು ನಮ್ಮ ಗುರುತೇ ಇಲ್ಲದ ಹಾಗೆ ಒರೆಸುತ್ತಿದ್ದೆವು. ನನ್ನ ಮಾತ್ರೆ ಡಬ್ಬಿ, ಸೊಸೆಯ ಬಾಚಣಿಗೆ, ಮಗನ ಹಳೇ ಚಪ್ಪಲಿ, ಎಲ್ಲ ಕೆಳಗೆ. ಗೋಡೆಯ ಮೇಲಿನ ನಮ್ಮ ಯಜಮಾನರ ಫೋಟೋ ಟ್ರಂಕಿಗೆ. ಆ ಮೊಳೆಗೆ ಒಂದು ದೋಣಿಯ ಚಿತ್ರ. ಬದುಕಿದ್ದಾಗ ಊರು ಬಿಟ್ಟು ಕದಲದ ಮನುಷ್ಯ, ಸತ್ತ ಮೇಲೆ ವಾರಕ್ಕೊಮ್ಮೆ ಟ್ರಂಕಿಗೆ ಹೋಗಿಬರುವ ಹಾಗಾಯಿತು. ಆಮೇಲೆ ನಾನು ಹಾಸಿಗೆಯ ಮೇಲೆ ಸುಕ್ಕಿಲ್ಲದ ಹಾಗೆ ಹೊದಿಕೆ ಎಳೆದು, ನೆಲ ಒರೆಸುತ್ತ ಒರೆಸುತ್ತ ಹಿಂದಕ್ಕೆ ನಡೆದು, ಹೊಸ್ತಿಲು ದಾಟಿ ಹೊರಗೆ ಬರುತ್ತಿದ್ದೆ. ನನ್ನ ಹೆಜ್ಜೆಯೂ ಅಲ್ಲಿ ಉಳಿಯುತ್ತಿರಲಿಲ್ಲ.

ಮಲಗುವುದು ಅಂಗಡಿಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನಾನು, ಮಿಷನ್ನುಗಳ ನಡುವೆ ಅವರಿಬ್ಬರು. ಬೆಳಿಗ್ಗೆ ಎದ್ದರೆ ಮೈಗೆಲ್ಲ ನೂಲಿನ ತುಂಡು. ಅದನ್ನಾದರೂ ಸಹಿಸಬಹುದು, ಅಂಗಡಿಗೆ ಬಚ್ಚಲು ಇರಲಿಲ್ಲ. “ಅತ್ತೆ, ಜನ ಇರೋವಾಗ ಮಾತ್ರ ಮೇಲೆ ಹೋಗ್ಬೇಡಿ,” ಎಂದು ಸೊಸೆ ಮೊದಲೇ ಹೇಳಿದ್ದಳು. ಬಸ್ ನಿಲ್ದಾಣದ ಶೌಚಾಲಯಕ್ಕೆ ನನ್ನ ಕೈ ಹಿಡಿದು ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಆದರೆ ನನ್ನ ಮಂಡಿ ಅಷ್ಟು ಸಲ ರಸ್ತೆ ದಾಟಲು ಒಪ್ಪುವುದಿಲ್ಲ, ಗಿರಾಕಿ ಕೂತಿರುವಾಗ ಅವಳನ್ನು ಏಳಿಸಲು ನನಗೂ ಮನಸ್ಸು ಬರುವುದಿಲ್ಲ. ನಾನೊಂದು ಉಪಾಯ ಕಂಡುಕೊಂಡೆ. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಆಗ ಬಂದವರು ಆ ಮೇಡಂ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಒಬ್ಬರೇ. ಗಂಡನಿಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದರು. ಒಂದು ಮಧ್ಯಾಹ್ನ ನಿಲ್ದಾಣದ ಶೌಚಾಲಯಕ್ಕೆ ರಿಪೇರಿಯೆಂದು ಬೀಗ ಹಾಕಿದ್ದರು. ಸೊಸೆ ಗುಂಡಿ ತರಲು ಪೇಟೆಗೆ ಹೋಗಿದ್ದಳು, ಮಗ ಮನೆಯಲ್ಲಿರಲಿಲ್ಲ. ತಡೆಯಲಾರದೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ, ನಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದೆ. ಬಚ್ಚಲಿನಿಂದ ಈಚೆ ಬಂದು ಕಾಲು ಒರೆಸಿಕೊಳ್ಳುತ್ತಿದ್ದೇನೆ, ಮುಂಬಾಗಿಲು ತೆರೆಯಿತು.

“ಯಾರದು?”

ಮೇಡಂ ಕೊಡೆಯನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದಿದ್ದರು. ಸೀರೆ ಎತ್ತಿಕಟ್ಟಿ, ಒದ್ದೆ ಕಾಲಲ್ಲಿ, ಕೈಯಲ್ಲಿ ಬಟ್ಟೆ ಹಿಡಿದು ನಾನು. ನಾನೇನಾದರೂ ಹೇಳುವ ಮೊದಲೇ ಅವರ ಮುಖದಿಂದ ಹೆದರಿಕೆ ಇಳಿಯಿತು.

“ಓ, ಕ್ಲೀನಿಂಗಿಗೆ ಬಂದವರಾ? ಫೋನಲ್ಲಿ ಹಾಕಿದ್ರು, ಉಳ್ಕೊಂಡಿರೋವಾಗ ಶುಚಿ ಮಾಡೋವ್ರು ಬರ್ತಾರೆ ಅಂತ. ನನಗೆ ಮರೆತೇ ಹೋಗಿತ್ತು ನೋಡಿ.”

ಅದೂ ಮಗ ಹಾಕಿದ ಗುರುತೇ. ಅಮ್ಮ ಇದ್ದಾಳಲ್ಲ ಎಂದುಕೊಂಡು ಅದಕ್ಕೂ ಹೂಂ ಅಂದಿದ್ದ.

“ಹೌದು ಮೇಡಂ,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಈ ಗೋಡೆಗಳು ಏಳುವಾಗ ಬೆಳಿಗ್ಗೆ ಸಂಜೆ ನೀರು ಹಾಕಿದವಳು ನಾನು. ಅದೇ ಗೋಡೆಗೆ ಒರಗಿ ನಿಂತು, ನಾನು ಈ ಮನೆಯ ಕೆಲಸದವಳು ಎಂದು ಒಪ್ಪಿಕೊಂಡೆ. ಹೊರಡಲು ನೋಡಿದರೆ ಮೇಡಂ ಬಿಡಲಿಲ್ಲ. ಗಂಡನಿಗೆ ಇನ್ನೂ ಎಚ್ಚರ ಬಂದಿಲ್ಲ, ಅಲ್ಲಿ ಸುಮ್ಮನೆ ಕೂರಲಾಗದೆ ಬಂದೆ, ಒಬ್ಬಳೇ ಟೀ ಕುಡಿಯುವುದಕ್ಕೆ ಬೇಜಾರು, ಕೂತುಕೊಳ್ಳಿ ಎಂದರು. ನನ್ನ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ, ಸಕ್ಕರೆ ಡಬ್ಬಿಗಾಗಿ ಹುಡುಕಾಡಿದರು. ಎರಡನೇ ಕಪಾಟಿನಲ್ಲಿದೆ ಎಂದು ಹೇಳಲು ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ.

“ಎಷ್ಟು ವರ್ಷದಿಂದ ಕೆಲಸ ಮಾಡ್ತಿದೀರಾ ಇಲ್ಲಿ?”

“ಮದುವೆ ಆದಾಗಿನಿಂದ,” ಎಂದುಬಿಟ್ಟೆ. ಅವರು ಅಯ್ಯೋ ಎಂದು ನಿಟ್ಟುಸಿರುಬಿಟ್ಟರು.

“ಮನೆಯವರು ಚೆನ್ನಾಗಿ ನೋಡ್ಕೋತಾರಾ?”

“ಹುಡುಗ ಒಳ್ಳೆಯವನೇ. ಸ್ವಲ್ಪ ಪೆದ್ದ.”

“ಆಕೆ?”

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಸಾಕಾಗಿತ್ತು. ಆದರೆ ಟೀ ಬಿಸಿಯಾಗಿತ್ತು, ಎದುರಿಗೆ ಕೂತವರು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ನನ್ನ ಮಾತನ್ನು ಯಾರಾದರೂ ಹಾಗೆ ಕೂತು ಕೇಳಿ ಎಷ್ಟು ಕಾಲವಾಗಿತ್ತೋ. ಸೊಸೆ ಎನ್ನದೆ, ಆಕೆಯ ಬಾಯಿ ಸ್ವಲ್ಪ ಜೋರು ಎಂದೆ. ಜನ ಇದ್ದಾಗ ಮೇಲೆ ಬಚ್ಚಲಿಗೆ ಬರಬೇಡ ಅನ್ನುತ್ತಾಳೆ ಎಂದೆ. ಕೆಳಗೆ ಮೇಜಿನ ಅಡಿಯಲ್ಲಿ ಮಲಗುತ್ತೇನೆ, ಅದಕ್ಕೇ ಮಧ್ಯಾಹ್ನದ ಮೇಲೆ ನೀರು ಮುಟ್ಟುವುದಿಲ್ಲ ಎಂದೆ. ಒಂದೂ ಸುಳ್ಳಲ್ಲ. ಕೈ ಹಿಡಿದು ರಸ್ತೆ ದಾಟಿಸುತ್ತಾಳೆ ಅನ್ನುವುದೊಂದನ್ನು ಬಿಟ್ಟೆ, ಅಷ್ಟೆ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು, ಸುಖವಾಯಿತು. ಆ ಸುಖವನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೇಡಂ ಕಣ್ಣೊರೆಸಿಕೊಂಡರು. “ನಾನಿರೋವರೆಗೂ ಯಾವಾಗ ಬೇಕಾದ್ರೂ ಬನ್ನಿ,” ಎಂದರು.

ಅವರ ಗಂಡ ಗುಣವಾದರು, ಇಬ್ಬರೂ ಊರಿಗೆ ಹೋದರು. ಸ್ವಲ್ಪ ದಿನ ಕಳೆದು ಫೋನಿನಲ್ಲಿ ಅವರು ಬರೆದದ್ದು ಬಂತು. ಸೊಸೆಗೆ ಅತಿಥಿಗಳ ಮಾತನ್ನು ಗಟ್ಟಿಯಾಗಿ ಓದುವ ಅಭ್ಯಾಸ. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಓದತೊಡಗಿದಳು.

“‘ಸ್ವಚ್ಛತೆಗೆ ಐದು ನಕ್ಷತ್ರ. ಅದರ ಕೀರ್ತಿ ಇಲ್ಲಿಯ ವಯಸ್ಸಾದ ಕೆಲಸದಾಕೆಗೆ ಸೇರಬೇಕು.’ ಅತ್ತೆ, ಯಾರೀ ಕೆಲಸದಾಕೆ?” ಎಂದು ನಕ್ಕಳು. ಆಮೇಲೆ ನಗು ನಿಂತಿತು, ದನಿಯೂ ಸಣ್ಣದಾಯಿತು. “‘ಆಕೆ ಅಂಗಡಿಯ ನೆಲದ ಮೇಲೆ ಮಲಗುತ್ತಾರೆ. ಶೌಚಾಲಯ ಬಳಸಲು ಮನೆಯೊಡತಿಯ ಅಪ್ಪಣೆಯಿಲ್ಲ. ಅದಕ್ಕಾಗಿ ಮಧ್ಯಾಹ್ನದ ನಂತರ ನೀರು ಕುಡಿಯುವುದಿಲ್ಲ. ಮನೆಯವರಿಗೆ ನಾನು ಒಂದೇ ನಕ್ಷತ್ರ ಕೊಡುತ್ತಿದ್ದೇನೆ. ಆಕೆಯ ಜಾಗದಲ್ಲಿ ನಿಮ್ಮ ತಾಯಿ ಇದ್ದಿದ್ದರೆ ಹೀಗೆ ಮಾಡುತ್ತಿದ್ದಿರಾ?’”

ಮಿಷನ್ ನಿಂತಿತ್ತು. ಮಗ ಗೋಡೆ ನೋಡುತ್ತಿದ್ದ. ನಾನು ತಲೆ ಬಗ್ಗಿಸಿ ಕಾಲಬೆರಳಿಗೆ ಅಂಟಿದ್ದ ನೂಲು ಬಿಡಿಸುತ್ತಿದ್ದೆ. ಈಗ ಸೊಸೆ ಕೂಗಾಡುತ್ತಾಳೆ, ಕೂಗಾಡಲಿ, ಚೆನ್ನಾಗಿ ಬೈಯಲಿ ಎಂದು ಕಾದೆ. ಅವಳು ಎದ್ದು ಹೋಗಿ ಲೋಟದ ತುಂಬ ನೀರು ತಂದು ನನ್ನೆದುರು ಹಿಡಿದಳು.

“ಕುಡೀರಿ.”

“ಬೇಡಮ್ಮ, ಈಗ…”

“ಕುಡೀರಿ ಅತ್ತೆ. ನನ್ನ ಕಣ್ಣೆದುರಿಗೆ ಕುಡೀರಿ. ನನಗೆ ಒಂದು ಮಾತು ಹೇಳೋಕ್ಕಾಗ್ಲಿಲ್ವಾ ನಿಮಗೆ? ಯಾರೋ ದಾರಿಲಿ ಹೋಗೋರಿಗೆ ಹೇಳಿದ್ರಿ.”

ಕುಡಿದೆ. ಅವಳು ಲೋಟ ತೆಗೆದುಕೊಂಡು ಹೋಗಿ ಹಿಂಬದಿಯಲ್ಲಿ ಬಹಳ ಹೊತ್ತು ತೊಳೆದಳು.

ಅಂದು ಸಂಜೆಯೊಳಗೆ, ಬರಬೇಕಿದ್ದ ಎರಡು ಸಂಸಾರಗಳು ಬರುವುದಿಲ್ಲ ಎಂದವು. ಮೇಡಂ ಬರೆದದ್ದರ ಕೆಳಗೆ ಮನೆಯವರು ಉತ್ತರ ಬರೆಯಬಹುದಂತೆ. ಬರೆಯದಿದ್ದರೆ ಜನ ಅದನ್ನೇ ನಂಬುತ್ತಾರೆ. ಮಗ ಫೋನು ಹಿಡಿದು ಕೂತ.

“ನಿಜ ಬರೀರಿ,” ಎಂದಳು ಸೊಸೆ. “ಅವರು ಕೆಲಸದವರಲ್ಲ, ನಮ್ಮತ್ತೆ ಅಂತ ಬರೀರಿ.”

“ಬರೆದ್ರೆ ಮನೆಯವರು ಕೆಳಗೇ ಇದ್ದಾರೆ, ಮೇಲಿನ ಬಚ್ಚಲನ್ನೇ ಬಳಸ್ತಾರೆ ಅಂತ ಆಗುತ್ತಲ್ವಾ? ನಾಳೆನೇ ತೆಗೆದುಹಾಕ್ತಾರೆ. ಆಮೇಲೆ ಏನ್ ಮಾಡೋಣ ಹೇಳು.” ಮತ್ತೆ ಹೇಳಿದ, “ಅದೂ ಅಲ್ದೆ, ನಿಜ ಬರೆದ್ರೆ ಇನ್ನೂ ಹೊಲಸಾಗಿ ಕಾಣುತ್ತೆ ಕಣೇ. ಕೆಲಸದವರನ್ನ ಹೀಗೆ ಇಟ್ಕೊಂಡಿದ್ರು ಅನ್ನೋದಕ್ಕಿಂತ, ಹೆತ್ತ ತಾಯಿನ…”

ಅವನು ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಓದಿದ: “‘ಮೇಡಂ, ನಿಮ್ಮ ಮಾತಿನಿಂದ ನಮಗೆ ತುಂಬ ನಾಚಿಕೆಯಾಗಿದೆ. ಇನ್ನು ಮುಂದೆ ಅವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಅವರನ್ನು ನಾವು…’” ಫೋನನ್ನು ನನ್ನ ಕೈಗೆ ಕೊಟ್ಟ. ಉಳಿದದ್ದನ್ನು ನಾನೇ ಓದಿಕೊಂಡೆ. ‘ತಾಯಿಯಂತೆ ನೋಡಿಕೊಳ್ಳುತ್ತೇವೆ’ ಎಂದಿತ್ತು.

“ಕಳಿಸು,” ಎಂದೆ. ಇನ್ನೇನು ಹೇಳಲಿ? ಮೊದಲ ಸುಳ್ಳು ನನ್ನ ಬಾಯಿಂದಲೇ ಬಂದಿತ್ತು.

ಆ ಉತ್ತರ ಜನಕ್ಕೆ ಬಹಳ ಇಷ್ಟವಾಯಿತಂತೆ. ತಪ್ಪು ಒಪ್ಪಿಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಯಾರೋ ಮೆಚ್ಚಿದರಂತೆ. ಮನೆಗೆ ಮತ್ತೆ ಜನ ಬರತೊಡಗಿದರು. ಸೊಸೆ ಅಂಗಡಿಯ ಹಿಂಬದಿಯಲ್ಲಿ ತಗಡು ಹೊದಿಸಿ ಬಚ್ಚಲು ಕಟ್ಟಿಸಲು ಗಾರೆಯವನನ್ನು ಕರೆಸಿದಳು. ಅದು ಮುಗಿಯುವವರೆಗೆ ಬಸ್ ನಿಲ್ದಾಣವೇ ಗತಿ. ಗಿರಾಕಿ ಇದ್ದರೂ ಸರಿ, ಹೊತ್ತು ಹೊತ್ತಿಗೆ ಎದ್ದು ಬಂದು ನನ್ನ ಕೈ ಹಿಡಿಯುತ್ತಾಳೆ. ರಸ್ತೆ ದಾಟುವಾಗ ಇಬ್ಬರೂ ಮಾತಾಡುವುದಿಲ್ಲ. ಮೊದಲು ದಾರಿಯುದ್ದಕ್ಕೂ ವಟಗುಟ್ಟುತ್ತಿದ್ದವಳು ಅವಳು.

ಮೊನ್ನೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ನಾನು ನೆಲ ಒರೆಸಿ, ಬಕೆಟ್ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಸ್ವಲ್ಪ ತಡವಾಗಿಬಿಟ್ಟಿತ್ತು. ಮಗ ಅವರ ದೊಡ್ಡ ಸೂಟ್‌ಕೇಸ್ ಹೊತ್ತು ಹತ್ತುತ್ತಿದ್ದವನು ಗೋಡೆಗೆ ಸರಿದು ನನಗೆ ದಾರಿ ಬಿಟ್ಟ. ಹಿಂದೆ ಬರುತ್ತಿದ್ದ ಹುಡುಗಿ ನನ್ನನ್ನು ನೋಡಿ ನಿಂತಳು. ಮುಖ ಅರಳಿತು.

“ನೀವೇ ಅಲ್ವಾ ಆ ಅಮ್ಮ? ನಿಮ್ಮ ವಿಷಯ ಓದೇ ನಾವು ಈ ಮನೆ ತಗೊಂಡ್ವಿ.” ಒದ್ದೆಯಾಗಿದ್ದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ತಾನು ಪಿಸುಗುಡುತ್ತಿದ್ದೇನೆ ಎಂಬ ಭ್ರಮೆ, ಮೆಟ್ಟಿಲಿಗೆಲ್ಲ ಕೇಳುತ್ತಿತ್ತು. “ನಿಜ ಹೇಳಿ, ಹೆದರ್ಬೇಡಿ. ಈಗ ಇವರು ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?”

ಮೇಲಿನ ಮೆಟ್ಟಿಲಲ್ಲಿ ಸೂಟ್‌ಕೇಸಿನ ಸದ್ದು ನಿಂತಿತು. ಮಗನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

“ನೋಡ್ಕೋತಾರಮ್ಮ,” ಎಂದೆ. “ಥೇಟ್ ತಾಯಿ ಥರಾನೇ.”