ಪರಮಣ್ಣನ ಮನೆಗೆ ಊರುಗೋಲು

ಬಳೆ ಹೀರಾಬಿ ನೆಲಮಾಳಿಗೆ ತೋಡಿಸುತ್ತಾಳಂತೆ ಎಂಬ ಸುದ್ದಿ ತೀನ್ ಕಂದೀಲ್ ಚೌಕ ಮುಟ್ಟುವ ಮೊದಲೇ ಪಕ್ಕದ ಮನೆಯ ಪರಮಣ್ಣ ಓಡಿಬಂದ. ಓಡದೆ ಏನು ಮಾಡಿಯಾನು? ಎಪ್ಪತ್ತೆರಡನೇ ಇಸವಿಯಲ್ಲಿ ಅವಳ ಬಳೆ ಅಂಗಡಿಯ ಆಚೆ ಮಗ್ಗುಲಿಗೆ ಅವನು ಗೋದಾಮಿನ ಗುಂಡಿ ತೋಡಿಸುವಾಗ, ಗೋಡೆಗೆ ಆಸರೆ ಕೊಡಿಸಿರೆಂದು ಹೀರಾಬಿ ಕೈಮುಗಿದಿದ್ದಳು.

"ನಿನ್ನ ಗೋಡಿ ನೀನಾ ಹಿಡ್ಕೊಂಡು ನಿಂದ್ರು ಬೇ," ಎಂದು ನಕ್ಕಿದ್ದ.

ಗೋಡೆ ಗುಂಡಿಗೆ ಜಾರಿತು. ಬಳೆಗಳ ಜೊತೆ ಅವಳ ಗಂಡ ಪೀರಾ ಸಾಬನ ಕಾಲೂ ಮುರಿಯಿತು. ಅಂದಿನಿಂದ ಅವನ ಕಂಕುಳಲ್ಲಿ ಊರುಗೋಲು.

ಈಗ ಹತ್ತು ವರ್ಷದ ಮೇಲೆ ಪರಮಣ್ಣನ ಸರದಿ. "ಯವ್ವಾ ಹೀರಾಬಿ, ನನ್ನ ಮನಿ ಕುಸೀತದ."

"ಕುಸಿಯಾಕ ಬಿಡ್ತೀನೇನ್ರಿ? ಊರುಗೋಲು ಕೊಡ್ತೀನಿ."

ಕೊಟ್ಟಳು. ಕಲ್ಮಲದ ಮೇಸ್ತ್ರಿ ಬೂದೆಪ್ಪ ಪರಮಣ್ಣನ ಮನೆಯೊಳಗೇ ಕಂಬಗಳನ್ನು ನೆಟ್ಟು ತೊಲೆಗಳ ಭಾರ ಅವಕ್ಕೆ ಹೊರಿಸಿದ. ಕಂಬ ಅಲುಗದಂತೆ ಕಟ್ಟಿದ ಅಡ್ಡದಿಮ್ಮಿ ತಲೆಬಾಗಿಲಲ್ಲಿ ಎದೆಮಟ್ಟಕ್ಕೆ ಹಾದುಹೋಯಿತು. ಯಾರಿಗೂ ಬಾಗದ ಪರಮಣ್ಣನ ರುಮಾಲು ದಿನವೂ ಬಾಗತೊಡಗಿತು. ಅವನ ಗೋಡೆಯ ಹಳೆಯ ಬಿರುಕಿಗೆ ಹೀರಾಬಿ ಹಸಿರು ಬಳೆಚೂರೊಂದನ್ನು ಸುಣ್ಣದಿಂದ ಅಡ್ಡ ಅಂಟಿಸಿದಳು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯಬೇಕು.

ಗುಂಡಿ ಒಮ್ಮೆಲೇ ತೋಡುವಂತಿಲ್ಲ. ಒಂದು ತುಂಡು ತೋಡಿ, ಕಲ್ಲು ಕಟ್ಟಿ, ಆಮೇಲೆ ಪಕ್ಕದ್ದು. ಹೀರಾಬಿಗೂ ಅವಸರವಿರಲಿಲ್ಲ. ಬೀಗರು ಬಂದು ದಿಮ್ಮಿಯ ಕೆಳಗೆ ನುಸುಳುವಾಗ, "ಪರಮಣ್ಣಾ, ಇದು ಮನಿಯೋ ಕುರಿದೊಡ್ಡಿಯೋ?" ಎಂದರು. ಓಣಿಯೇ ನಕ್ಕಿತು. ಮರ್ಯಾದೆ ತಡೆಯದೆ ಪರಮಣ್ಣ ಅಂದೇ ದಿಮ್ಮಿ ಬಿಚ್ಚಿ, ಬಾಗಿಲ ಬದಿಯ ಕಂಬಕ್ಕೆ ಸುತ್ತಿಗೆ ಹಾಕಿದ. ಬಿರುಕಿನ ಮೇಲಿನ ಬಳೆ ಚಟ್ಟೆಂದಿತು. ಸುತ್ತಿಗೆ ಬಿಸಾಕಿ ಕಂಬವನ್ನು ತಬ್ಬಿ ನಿಂತ.

"ಬೂದೆಪ್ಪಾ! ಲೇ, ಲಗೂನ ಬಾರೋ!"

ಹೀರಾಬಿ ಕಿಟಕಿಯಲ್ಲಿ ಇಣುಕಿದಳು. "ಹಿಡ್ಕೊಂಡು ನಿಂದ್ರಿ, ಪರಮಣ್ಣಾ. ನಿಮ್ಮ ಗೋಡಿ ನೀವಾ."

ಬೂದೆಪ್ಪ ಬಂದು ದಿಮ್ಮಿಯನ್ನು ಮತ್ತೆ ಬಾಗಿಲಿಗೆ ಅಡ್ಡ ಕಟ್ಟಿದ. ಕೊನೆಗೆ ನೆಲಮಾಳಿಗೆ ಮುಗಿಯಿತು. ಕಂಬ ತೆಗೆಯಬಹುದು ಎಂದ ಬೂದೆಪ್ಪ. ಪೀರಾ ಸಾಬನೂ, "ಸಾಕು ಮಾಡು ಬೇ," ಎಂದ. ಅವಳು ಗೋಡೆಯ ಮೇಲೆ ಹೊಸ ಬಳೆಚೂರು ಅಂಟಿಸಿ, ಗಂಡನ ಊರುಗೋಲಿನತ್ತ ನೋಡಿದಳು.

"ನೀವು ಇದನ್ನ ಬಿಡ್ರಿ, ನಾ ಅದನ್ನ ತೆಗಸ್ತೀನಿ."

ಬೆಳಗ್ಗೆ ಅಂಗಡಿ ತೆರೆದು ಕೂತಳು. ಅವಳ ಕಣ್ಣೆದುರೇ ಪರಮಣ್ಣ ರುಮಾಲು ಕೈಯಲ್ಲಿ ಹಿಡಿದು, ಬಗ್ಗಿ, ತನ್ನದೇ ಮನೆಯಿಂದ ಹೊರಬಂದ.