ಗಾಳಿ ಕೊಯ್ಯುವ ಕೈಗಳು

“ಏಯ್ ಡಾಕ್ಟ್ರಮ್ಮ! ಕೋಳಿ ಏನು ನಿನ್ನತ್ರ ಡೌಟ್ ಕೇಳ್ತಿದೆಯೇನೇ? ರೆಕ್ಕೆ ಕೊಯ್ಯೇ ಮುಂಡೆ, ಅದರ ಮುಖ ನೋಡ್ಕೊಂಡು ನಿಂತಿದೀಯ!”

ಕೋಳಿಗೆ ಮುಖವೇ ಇರಲಿಲ್ಲ. ತಲೆ, ಪುಕ್ಕ, ಕರುಳು ಎಲ್ಲವನ್ನೂ ಹಿಂದಿನ ಕೋಣೆಗಳಲ್ಲಿ ಕಳೆದುಕೊಂಡು, ಯಂತ್ರ ಓಡಿಸುವ ಸಾಲಿನ ಕೊಕ್ಕೆಗೆ ಕಾಲು ಸಿಕ್ಕಿಸಿಕೊಂಡು ತೂಗಾಡುತ್ತ ಬರುತ್ತಿತ್ತು. ಆದರೆ ಮೇಸ್ತ್ರಿಯ ಮಾತಿನಲ್ಲಿ ತಪ್ಪು ಹುಡುಕುವಷ್ಟು ಬಿಡುವು ಆ ಸಾಲಿನಲ್ಲಿ ಯಾರಿಗಿತ್ತು? ಎಡಗೈಯಲ್ಲಿ ರೆಕ್ಕೆ ಎಳೆದು, ಬಲಗೈಯಲ್ಲಿ ಕೀಲಿನ ಸಂದಿಗೆ ಚಾಕು ಹಾಕಿ, ತಿರುವಿ ಬಿಡುವಷ್ಟರಲ್ಲಿ ಮುಂದಿನದು ಎದೆಗೆ ಬಂದು ಬಡಿಯುತ್ತಿತ್ತು.

ಅವಳು ಪಿಎಚ್‌ಡಿ ಮಾಡುತ್ತಿದ್ದಳು. ವಿದ್ಯಾರ್ಥಿವೇತನ ನಿಂತ ಮೇಲೆ ಬೆಳಗಿನ ಪಾಳಿ ಇಲ್ಲಿ, ಮಧ್ಯಾಹ್ನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ. ಈ ಫ್ಯಾಕ್ಟರಿಯಲ್ಲಿ ಯಾರಿಗೂ ಹೆಸರಿಲ್ಲ, ಕೊಯ್ಯುವ ಭಾಗವೇ ಹೆಸರು. ಪಕ್ಕದಲ್ಲಿ ನಿಲ್ಲುವವಳು ತೊಡೆಯಕ್ಕ, ಅವಳಾಚೆ ಕತ್ತಕ್ಕ. ಇವಳು ರೆಕ್ಕೆ ಆಗಬೇಕಿತ್ತು. ಓದಿದವಳು ಎಂಬ ಮರ್ಯಾದೆಗೆ ಡಾಕ್ಟ್ರಮ್ಮ ಆದಳು. ಮರ್ಯಾದೆ ಅಂದರೆ ಅಷ್ಟೇ, ಬೈಗುಳದ ಮುಂದೊಂದು ಪದವಿ.

ಬೆಳಿಗ್ಗೆ ಎದ್ದರೆ ಅವಳ ಬಲಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಜಿಪುಣನ ಕೈಯಿಂದ ಕಾಸು ಬಿಡಿಸಿದ ಹಾಗೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕು. ಅಂಗಿಯ ಗುಂಡಿ ಹಾಕಲು ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ತೊಡೆಯಕ್ಕ ಬೇಕು. ಕೊರೆಯುವ ಚಳಿಯ ಆ ಹಜಾರದಲ್ಲಿ ನಿಂತು ನಿಂತು, ಪಾದಗಳು ಇವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಕೂದಲಿಗೆ ಎಷ್ಟು ಸೋಪು ತಿಕ್ಕಿದರೂ ವಾಸನೆ ಹೋಗದು. ಅದರಿಂದ ಒಂದು ಉಪಕಾರವೂ ಆಗಿತ್ತು: ಲೈಬ್ರರಿಯಲ್ಲಿ ಅವಳು ಕೂತ ಮೇಜು ಪೂರ್ತಿ ಅವಳದೇ.

ಆ ಮೇಜಿನಲ್ಲಿ ಕೂತು ಬರೆದದ್ದೂ ಈ ಕೈಗಳ ಬಗ್ಗೆಯೇ. ಸಾಲಿನ ವೇಗ ಹೆಂಗಸರ ಕೈಗಳನ್ನು ಹೇಗೆ ತಿಂದು ಹಾಕುತ್ತದೆ ಎಂಬ ಅಧ್ಯಾಯ. ಅದನ್ನು ಓದಿ ಗೈಡ್ ಸಾರ್ ನಕ್ಕಿದ್ದರು.

“ಮನುಷ್ಯರ ಕೈ ಇಷ್ಟು ಜೋರಾಗಿ ಆಡೋಕೆ ಸಾಧ್ಯ ಇಲ್ಲಮ್ಮ. ಇದು ಸಂಶೋಧನೆ ಅಲ್ಲ, ಗೋಳು. ಆ ಫ್ಯಾಕ್ಟ್ರಿ ಮ್ಯಾನೇಜರ್ ನಂಗೆ ಪರಿಚಯ, ನಾನೇ ಹೋಗಿ ಅಳೀತೀನಿ. ನಿಜ ಆದ್ರೆ ಸಹಿ ಹಾಕ್ತೀನಿ. ಸುಳ್ಳಾದ್ರೆ ಬೇರೆ ಗೈಡ್ ಹುಡುಕ್ಕೋ.”

ಬೇರೆ ಗೈಡ್ ಅಂದರೆ ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ಅವಳ ಕೈ ಉಳಿಯುತ್ತಿರಲಿಲ್ಲ. ತಾನು ಅಲ್ಲೇ ದುಡಿಯುತ್ತೇನೆಂದು ಅವರಿಗೆ ಅವಳು ಹೇಳಿರಲಿಲ್ಲ. ಮೂಗು ಮುಚ್ಚಿಕೊಳ್ಳುವವರು ಆಗಲೇ ಬೇಕಾದಷ್ಟು ಜನ ಇದ್ದರು.

ಅಳೆಯುವ ದಿನ ಬಂತು. ಮೇಸ್ತ್ರಿ ಸಾಲಿನ ತುದಿಯಲ್ಲಿ ನಿಂತು ಕೂಗಿದ: “ದೊಡ್ಡೋರು ಬರ್ತಾರೆ. ಯಾವಳಾದ್ರೂ ಬಾಯಿ ಬಿಟ್ರೆ ಅವಳನ್ನೂ ಕೊಕ್ಕೆಗೆ ನೇತಾಕ್ತೀನಿ!” ಹಾಗಂದವನೇ ಗೋಡೆಯ ಪೆಟ್ಟಿಗೆ ತೆರೆದು ವೇಗದ ನಾಬನ್ನು ಹಿಂದಕ್ಕೆ ತಿರುಗಿಸಿದ. ಸಾಲು ತುಂಬು ಗರ್ಭಿಣಿಯ ಹಾಗೆ ಮೆಲ್ಲಗೆ ಹೊರಟಿತು. ಈ ವೇಗ ಅಳೆದರೆ ಡಾಕ್ಟ್ರಮ್ಮನ ಅಧ್ಯಾಯ ಸುಳ್ಳಾಗುತ್ತಿತ್ತು.

ಸಾಲು ನಿಧಾನವಾಯಿತು, ಕೈಗಳು ಆಗಲಿಲ್ಲ. ಎಳೆ, ಹಾಕು, ತಿರುವು, ಬಿಡು. ಕೋಳಿ ಬರುವ ಮೊದಲೇ ಚಾಕುಗಳು ಬರಿ ಗಾಳಿಯನ್ನು ಕೊಯ್ದು ಹಾಕುತ್ತಿದ್ದವು. ಕತ್ತಕ್ಕ ಗಾಳಿಯ ಕತ್ತು ಮುರಿದಳು. ತೊಡೆಯಕ್ಕ ಚಾಕು ಕೆಳಗಿಟ್ಟು ಕೈಯನ್ನು ಕಂಕುಳಲ್ಲಿ ಅದುಮಿಕೊಂಡಳು. ಅದು ಅಲ್ಲೂ ಕುಣಿಯಿತು.

“ಹಾಳಾದ್ದು, ನಿಲ್ಲಲ್ಲ ಕಣೇ,” ಎಂದು ಪಿಸುಗುಟ್ಟಿದಳು. “ನಾನು ಸತ್ರೂ ಇದು ಕೊಯ್ತಾನೇ ಇರುತ್ತೇನೋ.”

ಗೈಡ್ ಸಾರ್ ಬಂದರು. ಬಿಳಿ ಕೋಟು, ಕಾಲಿಗೆ ಪ್ಲಾಸ್ಟಿಕ್ ಚೀಲ, ಒಂದು ಕೈಯಲ್ಲಿ ಸ್ಟಾಪ್‌ವಾಚ್, ಇನ್ನೊಂದರಲ್ಲಿ ಮೂಗಿಗೆ ಹಿಡಿದ, ಸೆಂಟು ಹಾಕಿದ ಕರ್ಚೀಫು. ಹಿಂದೆ ಕೈ ಹೊಸೆಯುತ್ತ ಮ್ಯಾನೇಜರ್. ನೇರ ಡಾಕ್ಟ್ರಮ್ಮನ ಎದುರಿಗೇ ನಿಂತರು. ಟೋಪಿ ಮತ್ತು ಮಾಸ್ಕಿನ ನಡುವೆ ಕಾಣುತ್ತಿದ್ದದ್ದು ಅವಳ ಕಣ್ಣು ಮಾತ್ರ. ಇಷ್ಟು ವರ್ಷ ಅವಳ ಮುಖ ನೋಡಿ ಮಾತಾಡದವರಿಗೆ ಬರಿ ಕಣ್ಣಿನ ಗುರುತು ಎಲ್ಲಿಂದ ಸಿಗಬೇಕು?

“ಏನಮ್ಮಾ, ಕೈ ನೋವು ಗೀವು ಇದೆಯಾ?”

“ಇಲ್ಲ ಸಾರ್, ಇವ್ರಿಗೆಲ್ಲ ಅಭ್ಯಾಸ,” ಎಂದು ಅವಳ ನೋವಿಗೆ ಮ್ಯಾನೇಜರ್ ಉತ್ತರ ಕೊಟ್ಟ.

ಸ್ಟಾಪ್‌ವಾಚ್ ಒತ್ತಿದರು, ನಿಲ್ಲಿಸಿದರು. ಗಾಳಿಯಲ್ಲಿ ಆಡುವ ಕೈಗಳನ್ನು ಕಂಡು ಗೈಡ್ ಸಾರ್‌ಗೆ ನಗು ತಡೆಯಲಾಗಲಿಲ್ಲ. “ನೋಡಿ, ಕೆಲ್ಸದ ಮಧ್ಯೆ ಆಟ ಆಡೋಷ್ಟು ಪುರುಸೊತ್ತು ಇದೆ! ನನ್ನ ಸ್ಟೂಡೆಂಟ್ ಒಬ್ಳು ಇಲ್ಲಿ ಹೆಂಗಸ್ರ ಕೈ ಸತ್ತೋಗುತ್ತೆ ಅಂತ ಬರೆದಿದಾಳೆ. ಓದೋಕಾಗದೋರು ಹೀಗೇ ಕಥೆ ಕಟ್ತಾರೆ. ನೀವು ಇನ್ನೂ ಒಂಚೂರು ಜೋರಾಗೇ ಓಡಿಸ್ಬಹುದು ಸ್ವಾಮಿ, ನಾನು ಬರೆದು ಕೊಡ್ತೀನಿ.”

“ಎಲ್ಲಾ ತಮ್ಮ ಆಶೀರ್ವಾದ ಸಾರ್.”

ಡಾಕ್ಟ್ರಮ್ಮನಿಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ಪದವಿ ಹೋಯಿತು, ಹಾಳಾಗಲಿ. ಆದರೆ ಈ ಮನುಷ್ಯನನ್ನು ಇಲ್ಲಿಗೆ ಎಳೆದು ತಂದದ್ದು ಅವಳ ಅಧ್ಯಾಯವೇ. ಕುರಿ ಕಾಯಲು ತೋಳನನ್ನು ತಾನೇ ಕರೆದು ತಂದಂತಾಗಿತ್ತು. ನಾಳೆಯಿಂದ ಸಾಲು ಇನ್ನೂ ಜೋರು, ತೊಡೆಯಕ್ಕನ ಕೈಗೂ ಸೇರಿ.

ಚಾಕು ಕೆಳಗಿಟ್ಟು ಅವಳು ಗೋಡೆಯ ಕಡೆ ನಡೆದಳು.

“ಎಲ್ಲಿಗೇ ಹೊರಟೆ ಲೌಡಿ?” ಮೇಸ್ತ್ರಿ ಓಡಿಬಂದ. ಅಷ್ಟರಲ್ಲಿ ಅವಳ ಕೈ ಪೆಟ್ಟಿಗೆಯೊಳಗಿತ್ತು. ನಾಬು ದಿನವೂ ನಿಲ್ಲುವ ಜಾಗದಲ್ಲಿ ಜಿಡ್ಡಿನ ಕಪ್ಪು ಗುರುತಿತ್ತು. ಅಲ್ಲಿಗೇ ತಿರುಗಿಸಿದಳು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಸಾಲು ಹೂಂಕರಿಸಿ ಓಡಿತು. ಗಾಳಿ ಕೊಯ್ಯುತ್ತಿದ್ದ ಕೈಗಳಿಗೆಲ್ಲ ಒಮ್ಮೆಗೇ ಕೋಳಿ ಸಿಕ್ಕಿತು. ಡಾಕ್ಟ್ರಮ್ಮನ ಜಾಗ ಮಾತ್ರ ಖಾಲಿ. ರೆಕ್ಕೆ ಕೊಯ್ಯದೇ ಉಳಿದ ಕೋಳಿಗಳು ಒಂದರ ಹಿಂದೊಂದು ಬಂದು ಗೈಡ್ ಸಾರ್ ಕೋಟಿಗೆ ಬಡಿದವು.

“ಎಣಿಸಿ ಸಾರ್!” ಪೆಟ್ಟಿಗೆಗೆ ಬೆನ್ನು ಕೊಟ್ಟು ಅವಳು ಕೂಗಿದಳು.

ದನಿಯ ಗುರುತು ಹತ್ತಿತು. “ನೀನಾ? ನೀನು ಇಲ್ಲಿ…”

“ಕೈ ನೋಡಿ ಸಾರ್. ನನ್ನ ಮುಖ ಆಮೇಲೆ ನೋಡೋರಂತೆ. ಎಣಿಸಿ!”

ಗೈಡ್ ಸಾರ್ ಹೆಬ್ಬೆರಳು ಸ್ಟಾಪ್‌ವಾಚಿನ ಮೇಲೇ ಇತ್ತು, ಒತ್ತಲಿಲ್ಲ. ಮೇಸ್ತ್ರಿ ಅವಳ ತೋಳು ಹಿಡಿದು ಬಾಗಿಲಿನತ್ತ ಎಳೆಯತೊಡಗಿದ. ಆಗ ತೊಡೆಯಕ್ಕ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಆ ಖಾಲಿ ಜಾಗದಲ್ಲಿ ನಿಂತಳು. ರೆಕ್ಕೆ ಕೊಯ್ದಳು, ತೊಡೆ ಕೊಯ್ದಳು, ತಲೆ ಎತ್ತದೆ ಗಂಟಲು ಬಿಚ್ಚಿದಳು.

“ಒಂದು!”

“ಎರಡು!” ಎಂದಳು ಕತ್ತಕ್ಕ.

“ಮೂರು!” ಎಂದಿತು ಇಡೀ ಸಾಲು.

ಗೈಡ್ ಸಾರ್ ಕರ್ಚೀಫನ್ನು ಮೂಗಿನಿಂದ ತೆಗೆದು ಕಿವಿಗೆ ಒತ್ತಿಕೊಂಡರು.