ತೇಲುಗಾಲಿನ ವಿಮಾನ

"ಬಿಡು ಹಿಲ್ಕಾ, ನಾನೇ ಹೋಗಿ ತರ್ತೀನಿ," ಎನ್ನುತ್ತ ಊರ್ಪೊ ಕಪ್ಪು ಕೋಟಿನ ಮೇಲೆಯೇ ಹಗ್ಗ ಸುತ್ತಿಕೊಳ್ಳುತ್ತಿದ್ದ.

ಹಿಲ್ಕಾ ಹಗ್ಗದ ತುದಿ ಹಿಡಿದೆಳೆದಳು. ಗಂಡ ತಾಯಿಸ್ತೊನನ್ನು ಮಣ್ಣು ಮಾಡಿ ಇನ್ನೂ ಗಂಟೆಯಾಗಿರಲಿಲ್ಲ. ಚರ್ಚಿನ ಸಭಾಮನೆಯಲ್ಲಿ ಕಾಫಿ ಕೊಡುತ್ತಿದ್ದರು. ಕೆಳಗೆ ಏಪ್ರಿಲ್ ತಿಂಗಳ ಸರೋವರ; ಬೂದುಗಟ್ಟಿದ ಮಂಜುಗಡ್ಡೆಯ ನಡುವೆ ತಾಯಿಸ್ತೊನ ಮಾರುದ್ದದ ಹಳದಿ ಆಟದ ವಿಮಾನ, ಚಕ್ರದ ಬದಲು ಎರಡು ಟೊಳ್ಳು ತೇಲುಗಾಲುಗಳದ್ದು. ಅವನು ದಡದಲ್ಲಿ ನಿಂತು ರಿಮೋಟಿನಿಂದ ಅದನ್ನು ಇಳಿಸಿದ್ದ. ಅದು ಹಿಮದ ಮೇಲೆ ಜಾರಿ ನಿಲ್ಲುವಷ್ಟರಲ್ಲಿ ಅವನ ಎದೆಬಡಿತ ನಿಂತಿತ್ತು. ಜನ ಅವನನ್ನು ಎತ್ತಿಕೊಂಡು ಓಡಿದರು. ವಿಮಾನ ಯಾರಿಗೂ ನೆನಪಾಗಲಿಲ್ಲ. ಮಾರನೆಯ ದಿನದಿಂದ ಗಡ್ಡೆ ಮನುಷ್ಯರ ಭಾರ ತಾಳುತ್ತಿರಲಿಲ್ಲ.

"ಹುಚ್ಚಾ ನಿಂಗೆ? ಅದರ ಮೇಲೆ ನಾಯೀನೂ ಕಾಲಿಡಲ್ಲ."

"ನಾಯಿಗೆ ನನ್ನಂಥ ಹೊಟ್ಟೆ ಎಲ್ಲಿದೆ? ನಾನು ತೇಲ್ತೀನಿ."

"ಊರ್ಪೊ ಮಾಮ, ಒಂದು ದಿನಕ್ಕೆ ಒಂದು ಹೆಣ ಸಾಕು!" ಬಾಗಿಲಿಂದ ಮಗಳು ಸಿರ್ಪಾ ಗದರಿದಳು. "ಗಡ್ಡೆ ಒಡೆದ್ರೆ ಅದೇ ದಡಕ್ಕೆ ಬರುತ್ತೆ. ತೇಲುಗಾಲು ಮತ್ಯಾಕಿದೆ?"

ತಾಯಿಸ್ತೊನ ಗೆಳೆಯ ಊರ್ಪೊ ತಾನೂ ಇಂಥ ವಿಮಾನ ಹಾರಿಸುವವನೇ. ಹಿಲ್ಕಾಳ ಮುಖವನ್ನೇ ನೋಡಿದ. "ಬಿರಡೆ ಹಾಕಿದ್ನಾ ಅವನು?"

*

ಸತ್ತ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ತಾಯಿಸ್ತೊ ತೇಲುಗಾಲುಗಳ ರಬ್ಬರ್ ಬಿರಡೆ ಕಿತ್ತು ಅವಳ ಅಂಗೈಗೆ ಹಾಕಿದ್ದ. ಒಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಬಿರಿಯುತ್ತದೆಂದು ಚಳಿಗಾಲವೆಲ್ಲ ತೂತು ತೆರೆದೇ ಹಾರಿಸುತ್ತಿದ್ದ.

"ಕರಗೋ ಕಾಲ. ಬಿರಡೆ ಹಾಕ್ಕೊಂಡೇ ಹೋಗು."

"ನೀರಿಗೆ ಬೇಸಿಗೇಲಿ ಇಳಿಸೋಣ. ಇವತ್ತಾದ್ರೂ ನೀನೂ ಬಾರೇ."

"ಆ ಗೊಂಬೇನೇ ಕಟ್ಕೊಂಡು ಸಾಯಿ," ಎಂದಿದ್ದಳು ಹಿಲ್ಕಾ.

ಅಂದಿನಿಂದ ಕಿಟಕಿಯ ಬಳಿ ಕೂತು ಆ ಹಳದಿ ಚುಕ್ಕೆಯನ್ನೇ ನೋಡುತ್ತಿದ್ದಳು. ಅದನ್ನು ಇಳಿಸಿದ್ದೇ ಅವನ ಬೆರಳುಗಳು ಕೊನೆಗೆ ಮಾಡಿದ ಕೆಲಸ. ಒಮ್ಮೆ ಅದನ್ನು ಮಡಿಲಿಗೆ ತೆಗೆದುಕೊಂಡರೆ, ಆಡಿದ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು.

*

ಇಲ್ಲ ಎಂದರೆ, ಅದು ಮುಳುಗುವ ಮುಂಚೆ ತರಬೇಕೆಂದು ಊರ್ಪೊ ಈಗಲೇ ಗಡ್ಡೆಯ ಮೇಲೆ ಹೋಗುತ್ತಾನೆ. ವಿಮಾನ ಸಿಕ್ಕರೂ ಸಿಗಬಹುದು.

"ಹಾಕಿದ್ದ," ಎಂದಳು. "ನಾನೇ ಒತ್ತಿ ಕೊಟ್ಟೆ."

ಅವನು ಹಗ್ಗ ಬಿಚ್ಚಿದ.

ಮಧ್ಯಾಹ್ನ ತೆಂಕಣ ಗಾಳಿ ಎದ್ದಿತು. ಕಾಫಿ ಲೋಟ ಹಿಡಿದು ಹಿಲ್ಕಾಳ ಜೊತೆ ದಡಕ್ಕೆ ಬಂದಿದ್ದ ಊರ್ಪೊ ಕೂಗಿದ. ಗಡ್ಡೆ ಸೀಳಿತ್ತು, ವಿಮಾನ ಮೆಲ್ಲನೆ ಜಾರಿ ಕಪ್ಪು ನೀರಿನ ಮೇಲೆ ಕೂತಿತ್ತು.

"ತೇಲ್ತಿದೆ! ನೋಡೇ ಹಿಲ್ಕಾ, ನಿನ್ನ ಗಂಡ ಇಳಿಸಿದ್ದು!" ಅವನ ಕೆನ್ನೆ ಒದ್ದೆಯಾಗಿತ್ತು. "ದಡಕ್ಕೇ ಬರುತ್ತೆ ನೋಡ್ತಿರು."

ಹಿಲ್ಕಾ ಅವನ ಎರಡೂ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ಟೈ ಹೇಗೆ ಕಟ್ಟಿದೀಯ, ಅಲ್ಲಾಡಬೇಡ," ಎಂದು ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅವನ ಹೆಗಲಾಚೆ, ಬಾಲ ನೀರಿಗಿಳಿಯುತ್ತ, ಹಳದಿ ಮೂಗು ನಿಧಾನವಾಗಿ ಆಕಾಶದ ಕಡೆ ಏಳುತ್ತಿತ್ತು.